ಡೋಂಟ್ ರಿಯಲಿನಾ, ರಿಯಲಿ ಡೋಂಟಾ? ಇಂಗ್ಲಿಷ್ ನಾಟ್ ಅನ್ನ ಎಲ್ಲಿ ಇಡೋದು ಅಂತ ಆರಿಸ್ಕೊಳ್ಳೋ ಬಗೆ

"ಐ ಡೋಂಟ್ ರಿಯಲಿ ಲೈಕ್ ಇಟ್" ಸರಿನಾ, "ಐ ರಿಯಲಿ ಡೋಂಟ್ ಲೈಕ್ ಇಟ್" ಸರಿನಾ? ಗ್ರಾಮರ್ ಪ್ರಕಾರ ಎರಡೂ ಸರಿ, ಹಾಗಂತ ಒಂದರ ಜಾಗಕ್ಕೆ ಇನ್ನೊಂದನ್ನ ಹಾಕೋಕಾಗಲ್ಲ, ಎಲ್ರೂ ಸಿಕ್ಕಾಕೊಳ್ಳೋದು ಅಲ್ಲೇ. ಸ್ಕೂಲಲ್ಲಿ ಟೆನ್ಸು, ಆರ್ಟಿಕಲ್ಲು ಅಂತ ತಿಂಗಳುಗಟ್ಟಲೆ ಉಜ್ಜಿಸ್ತಾರೆ, ಆದ್ರೆ ನಾಟ್ ಅನ್ನ ಅಡ್ವರ್ಬ್‌ಗಿಂತ, ಅಂದ್ರೆ ರಿಯಲಿ, ಆಲ್ವೇಸ್ ಥರದ ಪದಕ್ಕಿಂತ, ಮೊದಲು ಇಟ್ರೆ ಏನಾಗುತ್ತೆ, ಆಮೇಲೆ ಇಟ್ರೆ ಏನಾಗುತ್ತೆ, ಅಂಟಿಲ್, ಬೈ, ಫಾರ್ ಜೊತೆ ಸೇರಿದ್ರೆ ಏನು ಕಥೆ ಅನ್ನೋದನ್ನ ಯಾರೂ ಕೂರಿಸ್ಕೊಂಡು ಹೇಳಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ಈಗ ದಿನಾ ಇಂಗ್ಲಿಷಲ್ಲಿ ಮೇಲ್ ಬರೆಯೋರಿಗೆ ಇದು ಜಾಸ್ತಿ ಕಾಡುತ್ತೆ, ಯಾಕಂದ್ರೆ ನಮ್ಮ ಭಾಷೇಲಿ ಇಲ್ಲ ಅನ್ನೋದು ವಾಕ್ಯದ ಕೊನೇಲಿ ಆರಾಮಾಗಿ ಕೂತಿರುತ್ತೆ, ಇಂಗ್ಲಿಷಲ್ಲಿ ನಡುವೆ ಎಲ್ಲೋ ನುಗ್ಗಬೇಕು.

ಮೊದಲು ಏನನ್ನ ನೋಡಿ ಆರಿಸ್ಬೇಕು ಅಂತ ಇಟ್ಕೊಳ್ಳೋಣ

ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ಯಾವುದನ್ನ ಅಲ್ಲಗಳೀತಿದೀರ ಅನ್ನೋದು. ಕೆಲಸ ನಡೀಲೇ ಇಲ್ಲ ಅಂತಿದೀರಾ, ಅಥವಾ ಕೆಲಸ ನಡೀತು ಆದ್ರೆ ಆ ರೀತಿ ಅಲ್ಲ, ಆ ಕಾರಣಕ್ಕಲ್ಲ, ಅಷ್ಟು ಹೊತ್ತಲ್ಲ ಅಂತಿದೀರಾ? ಆಮೇಲೆ ಅಪಾಯ, ಅಂದ್ರೆ ಓದೋರಿಗೆ ಎರಡರ್ಥ ಬರೋ ಸಾಧ್ಯತೆ ಎಷ್ಟಿದೆ. ಮೂರನೇದು ಖಾರ, ಯಾಕಂದ್ರೆ ಅದೇ ಪದಗಳನ್ನ ಹಿಂದುಮುಂದು ಮಾಡಿದ್ರೆ ಮೆತ್ತಗಿನ ಮಾತು ಮುಖಕ್ಕೆ ಹೊಡೆದ ಹಾಗೆ ಕೇಳಿಸ್ಬಹುದು. ಕೊನೇದು ಖರ್ಚು. ದುಡ್ಡಿನ ಖರ್ಚಲ್ಲ, ಅದನ್ನ ತಪ್ಪಿಲ್ದೆ ಆಡೋಕೆ ಎಷ್ಟು ಪ್ರಾಕ್ಟೀಸ್ ಬೇಕು ಅನ್ನೋದು, ನಾಳೆ ಇಂಟರ್‌ವ್ಯೂ ಇರೋರಿಗೂ ಆರು ತಿಂಗಳು ಬಿಟ್ಟು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯೋರಿಗೂ ಇದು ಒಂದೇ ಅಲ್ಲ.

ಇಂಗ್ಲಿಷಿನ ಮೂಲ ಸೂತ್ರ ಒಂದೇ ಸಾಲು: ನಾಟ್ ಸಾಮಾನ್ಯವಾಗಿ ತನ್ನ ಬಲಗಡೆ ಇರೋದನ್ನ ಅಲ್ಲಗಳೆಯುತ್ತೆ, ಎಡಗಡೆ ಇರೋದನ್ನ ಮುಟ್ಟಲ್ಲ. ಇದಕ್ಕೆ ಅಪವಾದಗಳಿವೆ, ಬರ್ತೀನಿ.

ಇನ್ನು ನಮಗಿರೋ ಒಂದು ಅನುಕೂಲ ಹೇಳ್ಬೇಕು. ಇಂಗ್ಲಿಷಿಗೆ ನಾಟ್ ಒಂದೇ, ಕನ್ನಡಕ್ಕೆ ಇಲ್ಲ ಮತ್ತು ಅಲ್ಲ ಎರಡಿದೆ. "ಬೇಕಂತಲೇ ಫೈಲ್ ಡಿಲೀಟ್ ಮಾಡ್ಲಿಲ್ಲ" ಅಂದ್ರೆ ಫೈಲ್ ಹಾಗೇ ಇದೆ, ಉಳಿಸಿದ್ದು ಬೇಕಂತ. "ಬೇಕಂತ ಫೈಲ್ ಡಿಲೀಟ್ ಮಾಡಿದ್ದಲ್ಲ" ಅಂದ್ರೆ ಫೈಲ್ ಹೋಯ್ತು, ಕೈತಪ್ಪಿ. ಸೋ ಮೇಲ್ ಬರೆಯೋಕೆ ಮುಂಚೆ ನಿಮ್ಮ ವಾಕ್ಯವನ್ನ ಮನಸ್ಸಲ್ಲೇ ಕನ್ನಡದಲ್ಲಿ ಹೇಳ್ಕೊಳಿ, ಅದು "ಮಾಡಿದ್ದಲ್ಲ", "ಅಂತಲ್ಲ", "ಅಂತೇನಿಲ್ಲ" ಅಂತ ಮುಗಿದ್ರೆ ನಾಟ್ ಮೊದಲು, ಅಡ್ವರ್ಬ್ ಆಮೇಲೆ. ಬರೀ ಇಲ್ಲ ಅಂತ ಮುಗಿದ್ರೆ ಸಾಮಾನ್ಯವಾಗಿ ಅಡ್ವರ್ಬ್ ಮೊದಲು, ನಾಟ್ ಆಮೇಲೆ. ಒಂದು ಎಚ್ಚರ, ಬರಲ್ಲ ಹೋಗಲ್ಲ ಅನ್ನೋದು ಕೇಳೋಕೆ ಅಲ್ಲ ಥರ ಇದ್ರೂ ಅದು ಬರುವುದಿಲ್ಲ ಹೋಗುವುದಿಲ್ಲ ಅನ್ನೋದರ ಮೊಟಕು, ಹಾಗಾಗಿ ಅದು "ಇಲ್ಲ" ಪಾರ್ಟಿಗೆ ಸೇರಿದ್ದು.

ಡೋಂಟ್ ರಿಯಲಿ, ರಿಯಲಿ ಡೋಂಟ್

"ಐ ಡೋಂಟ್ ರಿಯಲಿ ಲೈಕ್ ದಿಸ್ ಡಿಸೈನ್" ಅಂದ್ರೆ ಅಷ್ಟೇನೂ ಇಷ್ಟ ಆಗ್ಲಿಲ್ಲ, ತುಂಬಾ ಇಷ್ಟ ಅಂತೇನಿಲ್ಲ. ನಾಟ್ ಇಲ್ಲಿ ರಿಯಲಿಯನ್ನ ಹೊಡೀತು, ಇಷ್ಟವನ್ನಲ್ಲ. "ಐ ರಿಯಲಿ ಡೋಂಟ್ ಲೈಕ್ ದಿಸ್ ಡಿಸೈನ್" ಅಂದ್ರೆ ಸುತಾರಾಂ ಇಷ್ಟ ಇಲ್ಲ. ಜೊತೆ ಕೆಲಸ ಮಾಡೋರಿಗೆ ಫೀಡ್‌ಬ್ಯಾಕ್ ಕೊಡೋವಾಗ ಮೊದಲನೇದು ಸೇಫ್, ಎರಡನೇದನ್ನ ನಿಜವಾಗ್ಲೂ ಜಗಳಕ್ಕೆ ತಯಾರಿದ್ರೆ ಮಾತ್ರ ಬಳಸಿ. ಬ್ರಿಟಿಷ್ ಮಂದಿ ಮಾತ್ರ ಮೊದಲನೇದನ್ನೇ ಹೇಳಿ ಎರಡನೇದನ್ನ ಅರ್ಥ ಮಾಡ್ಕೊಳ್ಳಿ ಅಂತ ಬಿಟ್ಟುಬಿಡ್ತಾರೆ, ಅದು ಬೇರೆ ತಲೆನೋವು.

ಜಸ್ಟ್ ಕೂಡ ಇದೇ ಥರ. "ಯು ಕಾಂಟ್ ಜಸ್ಟ್ ವಾಕ್ ಇನ್" ಅಂದ್ರೆ ಹಾಗೆ ಸುಮ್ನೆ ನುಗ್ಗೋ ಹಾಗಿಲ್ಲ, ಕೇಳ್ಕೊಂಡು ಬಾ ಅಂತ. "ಐ ಜಸ್ಟ್ ಕಾಂಟ್ ವಾಕ್" ಅಂದ್ರೆ ನಡೆಯೋಕೇ ಆಗ್ತಿಲ್ಲ. ಕ್ವೈಟ್‌ಗೆ ಆಯ್ಕೆನೇ ಇಲ್ಲ, "ಐ ಡೋಂಟ್ ಕ್ವೈಟ್ ಅಂಡರ್‌ಸ್ಟ್ಯಾಂಡ್" ಒಂದೇ ನಡೆಯೋದು. ಕಂಪ್ಲೀಟ್ಲಿ ಹಾಕೋವಾಗ "ಐ ಡೋಂಟ್ ಕಂಪ್ಲೀಟ್ಲಿ ಅಗ್ರೀ" ಅಂದ್ರೆ ಅರ್ಧ ಒಪ್ಪಿದೀನಿ ಅಂತ, ಸುತಾರಾಂ ಒಪ್ಪಲ್ಲ ಅನ್ನೋದಾದ್ರೆ ನಾಟ್ ಬಿಟ್ಟು "ಐ ಕಂಪ್ಲೀಟ್ಲಿ ಡಿಸಗ್ರೀ" ಅನ್ನೋದೇ ನೇರ.

ಎಷ್ಟು ಸಲ ಅಂತ ಹೇಳೋ ಪದಗಳು

"ಐ ಡೋಂಟ್ ಆಲ್ವೇಸ್ ಚೆಕ್ ಮೈ ಮೇಲ್" ಅಂದ್ರೆ ಯಾವಾಗ್ಲೂ ನೋಡ್ತೀನಿ ಅಂತಲ್ಲ, ಕೆಲವು ಸಲ ತಪ್ಪುತ್ತೆ. ನಮ್ಮಲ್ಲಿ ಕೆಲವರು ಯಾವತ್ತೂ ನೋಡಲ್ಲ ಅನ್ನೋ ಅರ್ಥಕ್ಕೆ "ಐ ಆಲ್ವೇಸ್ ಡೋಂಟ್ ಚೆಕ್" ಅಂತಾರೆ, ಅದು ಇಂಗ್ಲಿಷ್ ಕಿವಿಗೆ ವಿಚಿತ್ರ, ಅಲ್ಲಿ ನೆವರ್ ಹಾಕಿ ಕೈ ತೊಳ್ಕೊಳಿ. ಆಫನ್ ವಿಷಯದಲ್ಲಿ ಎರಡೂ ಜಾಗ ನಡೆಯುತ್ತೆ ಆದ್ರೆ ಅರ್ಥ ಬೇರೆ. "ಐ ಡೋಂಟ್ ಆಫನ್ ಈಟ್ ಬ್ರೇಕ್‌ಫಾಸ್ಟ್" ಅಂದ್ರೆ ತಿಂಡಿ ತಿನ್ನೋದೇ ಅಪರೂಪ, "ಐ ಆಫನ್ ಡೋಂಟ್ ಈಟ್ ಬ್ರೇಕ್‌ಫಾಸ್ಟ್" ಅಂದ್ರೆ ಬಿಡೋ ದಿನಗಳು ಸುಮಾರಿವೆ, ತಿನ್ನೋ ದಿನಗಳೂ ಇರಬಹುದು. ಡಾಕ್ಟರ್ ಹತ್ರ ಹೇಳೋವಾಗ ಈ ವ್ಯತ್ಯಾಸ ಸಣ್ಣದಲ್ಲ. ಸಮ್‌ಟೈಮ್ಸ್ ಯಾವಾಗ್ಲೂ ನಾಟ್‌ಗಿಂತ ಮೊದಲೇ ಬರೋದು, ಯೂಶುವಲಿಗೆ ಎಲ್ಲಿಟ್ರೂ ಹೆಚ್ಚು ಕಮ್ಮಿ ಒಂದೇ ಅರ್ಥ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಆಲ್ ಜೊತೆ ನಾಟ್ ಬಂದಾಗ ಬಲಗಡೆ ಸೂತ್ರ ಕೈ ಕೊಡುತ್ತೆ. "ಆಲ್ ದಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್" ಅನ್ನೋ ಗಾದೆ ನೋಡಿ, ಸೂತ್ರದ ಪ್ರಕಾರ ಹೊಳೆಯೋದು ಯಾವುದೂ ಚಿನ್ನ ಅಲ್ಲ ಅಂತಾಗ್ಬೇಕಿತ್ತು, ಆದ್ರೆ ಎಲ್ರೂ ಅರ್ಥ ಮಾಡ್ಕೊಳ್ಳೋದು ಹೊಳೆಯೋದೆಲ್ಲ ಚಿನ್ನ ಅಲ್ಲ ಅಂತ. ನಮ್ಮ "ಬೆಳ್ಳಗಿರೋದೆಲ್ಲ ಹಾಲಲ್ಲ" ಕೂಡ ಅದೇ ಕಟ್ಟು, ಅದಕ್ಕೇ ನಮಗೆ ಅಲ್ಲೇನೂ ತೊಂದರೆ ಕಾಣಲ್ಲ. ಗಾದೇಲಿ ನಡೆಯುತ್ತೆ, ರಿಪೋರ್ಟಲ್ಲಿ ಬೇಡ. "ಆಲ್ ದಿ ಸ್ಟೂಡೆಂಟ್ಸ್ ಡಿಡಂಟ್ ಪಾಸ್" ಅಂತ ಬರೆದ್ರೆ ಎಲ್ರೂ ಫೇಲಾ ಕೆಲವರು ಫೇಲಾ ಗೊತ್ತಾಗಲ್ಲ. "ನಾಟ್ ಆಲ್" ಅಥವಾ "ನನ್" ಅಂತ ಶುರು ಮಾಡಿದ್ರೆ ಗೊಂದಲನೇ ಇಲ್ಲ.

ಡೆಲಿಬರೇಟ್ಲಿ, ಕ್ಲಿಯರ್ಲಿ, ಆಲ್ಮೋಸ್ಟ್

ನೌಕರಿಗೆ ಕುತ್ತು ತರಬಹುದಾದ ಜೋಡಿ ಇದು. "ಐ ಡಿಡಂಟ್ ಡೆಲಿಬರೇಟ್ಲಿ ಇಗ್ನೋರ್ ಯುವರ್ ಮೇಲ್" ಅಂದ್ರೆ ಉತ್ತರ ಕೊಟ್ಟಿಲ್ಲ ನಿಜ, ಬೇಕಂತ ಮಾಡಿದ್ದಲ್ಲ. "ಐ ಡೆಲಿಬರೇಟ್ಲಿ ಡಿಡಂಟ್ ರಿಪ್ಲೈ" ಅಂದ್ರೆ ಬೇಕಂತಲೇ ಉತ್ತರ ಕೊಡ್ಲಿಲ್ಲ, ಏನೀಗ ಅಂತ. ಕ್ಷಮೆ ಕೇಳೋವಾಗ ಜಾಗ ತಪ್ಪಿದ್ರೆ ಕ್ಷಮಾಪಣೆನೇ ಸವಾಲಾಗುತ್ತೆ.

ಕ್ಲಿಯರ್ಲಿ ಜಾಗ ಬದಲಾಯಿಸಿದ್ರೆ ಅದರ ಕೆಲಸನೇ ಬದಲಾಗುತ್ತೆ. "ಹಿ ಡಿಡಂಟ್ ಎಕ್ಸ್‌ಪ್ಲೇನ್ ಕ್ಲಿಯರ್ಲಿ", ಹೇಳಿದ್ದು ಸ್ಪಷ್ಟವಾಗಿರ್ಲಿಲ್ಲ. "ಹಿ ಕ್ಲಿಯರ್ಲಿ ಡಿಡಂಟ್ ಎಕ್ಸ್‌ಪ್ಲೇನ್", ಅವನು ಹೇಳೇ ಇಲ್ಲ ಅನ್ನೋದು ಎದ್ದು ಕಾಣ್ತಿದೆ. ಪ್ರಾಬಬ್ಲಿ, ಫಾರ್ಚುನೇಟ್ಲಿ, ಆಬ್ವಿಯಸ್ಲಿ ಥರದವು ಮಾತಾಡೋನ ಅಭಿಪ್ರಾಯ ಹೇಳೋ ಪದಗಳು, ಅವು ನಾಟ್‌ನ ಎಡಗಡೆ ಇರಬೇಕು. "ಹಿ ಪ್ರಾಬಬ್ಲಿ ವೋಂಟ್ ಕಮ್" ಅನ್ನಿ, ವೋಂಟ್ ಆದ್ಮೇಲೆ ಪ್ರಾಬಬ್ಲಿ ಇಡೋದು ಮಾತಲ್ಲಿ ಕೇಳಿಸ್ಬಹುದು, ಬರವಣಿಗೆಗೆ ಚೆನ್ನಾಗಿರಲ್ಲ. ನೆಸೆಸರಿಲಿ ಉಲ್ಟಾ, ಅದು ನಾಟ್ ಆದ್ಮೇಲೇನೇ.

ಆಲ್ಮೋಸ್ಟ್ ಅಂತೂ ಮಜಾ. "ಐ ಆಲ್ಮೋಸ್ಟ್ ಡಿಡಂಟ್ ಕಮ್" ಅಂತ ಯಾರಾದ್ರೂ ಹೇಳಿದ್ರೆ ಅವರು ಬಂದಿದಾರೆ ಅಂತ ಅರ್ಥ, ಬರದೇ ಇರೋದು ಸ್ವಲ್ಪದರಲ್ಲಿ ತಪ್ತು ಅಷ್ಟೆ.

ಸ್ಟಿಲ್, ಯೆಟ್, ಎನಿಮೋರ್

ನಮ್ಮ "ಇನ್ನೂ ಬಂದಿಲ್ಲ" ಒಂದಕ್ಕೆ ಇಂಗ್ಲಿಷಲ್ಲಿ ಎರಡು ದಾರಿ. "ಇಟ್ ಹ್ಯಾಸಂಟ್ ಕಮ್ ಯೆಟ್" ತಣ್ಣಗಿರೋ ಮಾತು, ಬರುತ್ತೆ ಬಿಡು ಅನ್ನೋ ಹಾಗೆ. "ಇಟ್ ಸ್ಟಿಲ್ ಹ್ಯಾಸಂಟ್ ಕಮ್" ಅಂದ್ರೆ ಇಷ್ಟು ಹೊತ್ತಾದ್ರೂ ಬಂದಿಲ್ವಲ್ಲ ಅನ್ನೋ ಅಸಮಾಧಾನ ಇದೆ. ಕಸ್ಟಮರ್ ಕೇರ್‌ಗೆ ಮೊದಲ ಸಲ ಬರೆಯೋವಾಗ ಯೆಟ್, ಮೂರನೇ ಸಲ ಬರೆಯೋವಾಗ ಸ್ಟಿಲ್. "ಹ್ಯಾಸಂಟ್ ಸ್ಟಿಲ್ ಕಮ್" ಅಂತ ಬರೀಬೇಡಿ, ಸ್ಟಿಲ್ ನಾಟ್‌ಗಿಂತ ಮುಂಚೆನೇ ಬರ್ಬೇಕು.

ಮೊದಲು ಇತ್ತು ಈಗಿಲ್ಲ ಅನ್ನೋದಕ್ಕೆ "ಶಿ ಡಸಂಟ್ ವರ್ಕ್ ಹಿಯರ್ ಎನಿಮೋರ್" ಮಾತಿಗೆ, "ಶಿ ನೋ ಲಾಂಗರ್ ವರ್ಕ್ಸ್ ಹಿಯರ್" ಮೇಲ್‌ಗೆ, ನೋಟಿಸ್‌ಗೆ. ಅರ್ಥದಲ್ಲಿ ವ್ಯತ್ಯಾಸ ಇಲ್ಲ. ಎರಡನೇದರಲ್ಲಿ ಡಸಂಟ್ ಬೇಡ ಅನ್ನೋದು ನೆನಪಿರಲಿ, ನೋ ಅನ್ನೋದೇ ಆ ಕೆಲಸ ಮುಗಿಸಿರುತ್ತೆ. ಹಾಗೇ ನಾನೂ ಬರಲ್ಲ ಅನ್ನೋಕೆ ಕೊನೇಲಿ ಟೂ ಅಲ್ಲ, ಐದರ್.

ನಾಟ್ ಬಿಟ್ಟು ನೆವರ್, ಹಾರ್ಡ್ಲಿ

ನಾಟ್ ಎಲ್ಲಿಡೋದು ಅನ್ನೋ ತಾಪತ್ರಯನೇ ಬೇಡ ಅನ್ನೋರಿಗೆ ಇದು ಒಳ್ಳೆ ಆಯ್ಕೆ. ನೆವರ್, ರೇರ್ಲಿ, ಸೆಲ್ಡಮ್, ಹಾರ್ಡ್ಲಿ, ಬೇರ್ಲಿ ಇವೆಲ್ಲ ಒಳಗೇ ನೆಗೆಟಿವ್ ಇಟ್ಕೊಂಡಿರೋ ಪದಗಳು. ಡೂ, ಡಸ್, ಡಿಡ್ ಏನೂ ಬೇಡ. "ಹಿ ಹಾರ್ಡ್ಲಿ ಕಮ್ಸ್ ಟು ಆಫೀಸ್, ಡಸ್ ಹಿ?" ಅಂತ ಟ್ಯಾಗ್, ಅಂದ್ರೆ ಕೊನೇಲಿ ಬರೋ ಸಣ್ಣ ಪ್ರಶ್ನೆ, ಪಾಸಿಟಿವ್ ಬರೋದೇ ಅದಕ್ಕೆ ಸಾಕ್ಷಿ. ಅಪಾಯ ಎರಡು ಕಡೆ. ಒಂದು, ಮತ್ತೆ ನಾಟ್ ಸೇರಿಸಿ "ಕಾಂಟ್ ಹಾರ್ಡ್ಲಿ" ಅನ್ನೋದು, ಕೆಲವು ಆಡುಮಾತಿನ ಇಂಗ್ಲಿಷಲ್ಲಿ ಇದೆ, ಆದ್ರೆ ಪರೀಕ್ಷೇಲಿ ಮಾರ್ಕ್ಸ್ ಹೋಗುತ್ತೆ. ಇನ್ನೊಂದು ದೊಡ್ಡದು, ಕಷ್ಟಪಟ್ಟು ಕೆಲಸ ಮಾಡ್ದೆ ಅನ್ನೋಕೆ ಇಂಟರ್‌ವ್ಯೂನಲ್ಲಿ "ಐ ಹಾರ್ಡ್ಲಿ ವರ್ಕ್ಡ್" ಅನ್ನೋದು. ಅದರರ್ಥ ಹೆಚ್ಚು ಕಮ್ಮಿ ಕೆಲಸನೇ ಮಾಡ್ಲಿಲ್ಲ ಅಂತ. "ಐ ವರ್ಕ್ಡ್ ಹಾರ್ಡ್", ಅಷ್ಟೇ.

ಅಂದ ಹಾಗೆ ಈ ಡೂ ಡಸ್ ಡಿಡ್ ರಗಳೆ ಮೊದಲಿಂದ ಇದ್ದಿದ್ದಲ್ಲ. ತುಂಬಾ ಹಳೇ ಇಂಗ್ಲಿಷಲ್ಲಿ ಕ್ರಿಯಾಪದದ ಮುಂಚೆ ನೆ ಅಂತ ಒಂದು ಸಣ್ಣ ಪದ ಇತ್ತು, ಅದು ಸಾಲ್ದು ಅಂತ ಒತ್ತು ಕೊಡೋಕೆ ಆಮೇಲೆ ಏನೂ ಇಲ್ಲ ಅನ್ನೋ ಅರ್ಥದ ನಾಟ್ ಸೇರ್ತು, ಕಾಲ ಕಳೆದ ಹಾಗೆ ನೆ ಉದುರಿ ಹೋಗಿ ಒತ್ತಿಗೆ ಬಂದ ನಾಟ್ ಯಜಮಾನ ಆಯ್ತು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1917ರಲ್ಲೇ ಇದನ್ನ ವಿವರಿಸಿದ್ರು, ಬೇರೆ ಭಾಷೆಗಳಲ್ಲೂ ಹೀಗಾಗುತ್ತೆ ಅಂತ. ಷೇಕ್ಸ್‌ಪಿಯರ್ ಕಾಲದಲ್ಲೂ "ಐ ನೋ ನಾಟ್" ಅಂತ ಡೂ ಇಲ್ದೆ ಹೇಳ್ತಿದ್ರು. ನಮಗೆ ಅದೇ ಸುಲಭ ಆಗ್ತಿತ್ತೇನೋ.

ಅಂಟಿಲ್, ಬೈ, ಬಿಫೋರ್

ಪ್ರಿಪೊಸಿಷನ್, ಅಂದ್ರೆ ಅಂಟಿಲ್, ಬೈ, ಫಾರ್ ಥರದ ಸಣ್ಣ ಪದಗಳ ಕಡೆ ಬಂದ್ರೆ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಡೆಡ್‌ಲೈನ್ ವಿಷಯ. "ದಿ ರಿಪೋರ್ಟ್ ವೋಂಟ್ ಬಿ ರೆಡಿ ಅಂಟಿಲ್ ಫ್ರೈಡೇ" ಅಂತ ಬರೆದ್ರೆ ಮ್ಯಾನೇಜರ್‌ಗೆ ಕೇಳಿಸೋದು ಶುಕ್ರವಾರ ಕೈಗೆ ಬರುತ್ತೆ ಅಂತ, ಅಂದ್ರೆ ನೆಗೆಟಿವ್ ವಾಕ್ಯದೊಳಗೆ ನೀವೊಂದು ಮಾತು ಕೊಟ್ಟಂಗಾಯ್ತು. "ವೋಂಟ್ ಬಿ ರೆಡಿ ಬೈ ಫ್ರೈಡೇ" ಅಂದ್ರೆ ಶುಕ್ರವಾರಕ್ಕೂ ಆಗಿರಲ್ಲ, ಯಾವಾಗ ಅನ್ನೋದನ್ನ ಹೇಳೇ ಇಲ್ಲ. "ವೋಂಟ್ ಬಿ ರೆಡಿ ಬಿಫೋರ್ ಫ್ರೈಡೇ" ನಡುವಿನ ದಾರಿ, ಶುಕ್ರವಾರನೋ ಆಮೇಲೋ. ದಿನ ಗ್ಯಾರಂಟಿ ಇದ್ರೆ ಅಂಟಿಲ್, ಸ್ವಲ್ಪ ಜಾಗ ಇಟ್ಕೋಬೇಕು ಅಂದ್ರೆ ಬಿಫೋರ್, ಕೆಟ್ಟ ಸುದ್ದಿನೇ ಹೇಳ್ಬೇಕು ಅಂದ್ರೆ ಬೈ, ಬೈ ಹಾಕಿದ್ಮೇಲೆ ಮುಂದಿನ ವಾಕ್ಯದಲ್ಲಿ ಹೊಸ ದಿನಾಂಕ ಹೇಳಿ, ಇಲ್ದಿದ್ರೆ ಫೋನ್ ಬರೋದು ಖಂಡಿತ.

ನೋಟಿಸ್ ಬರೆಯೋರಿಗೆ ಇನ್ನೊಂದು. "ಅಪ್ಲಿಕೇಶನ್ಸ್ ವಿಲ್ ನಾಟ್ ಬಿ ಅಕ್ಸೆಪ್ಟೆಡ್ ಅಂಟಿಲ್ 30 ಜೂನ್" ಅಂದ್ರೆ ಜೂನ್ 30ಕ್ಕೆ ಅರ್ಜಿ ತಗೊಳ್ಳೋಕೆ ಶುರು. ಅಂಟಿಲ್ ಜಾಗದಲ್ಲಿ ಆಫ್ಟರ್ ಹಾಕಿದ್ರೆ ಜೂನ್ 30ಕ್ಕೆ ಬಾಗಿಲು ಬಂದ್. ಒಂದೇ ಪದ, ಪೂರ್ತಿ ಉಲ್ಟಾ.

"ಅಂಟಿಲ್ ಯು ಡೋಂಟ್ ಪೇ ದಿ ಫೀಸ್" ಅಂತ ಎಷ್ಟೋ ಜನ ಬರೀತಾರೆ, ಅದು ಹಿಂದಿಯ ಜಬ್ ತಕ್ ನಹೀಂ ಕಟ್ಟಿನ ನೆರಳು. ನಾವು ಫೀಸ್ ಕಟ್ಟೋವರೆಗೂ ಹಾಲ್ ಟಿಕೆಟ್ ಕೊಡಲ್ಲ ಅಂತೀವೇ ಹೊರತು ಕಟ್ಟದೇ ಇರೋವರೆಗೂ ಅಂತ ಶುರು ಮಾಡಲ್ಲ ಅಲ್ವಾ, ಹಾಗಾಗಿ ಇಲ್ಲಿ ಕನ್ನಡದಲ್ಲಿ ಯೋಚನೆ ಮಾಡಿದ್ರೇನೇ ಇಂಗ್ಲಿಷ್ ಸರಿ ಬರುತ್ತೆ: "ಅಂಟಿಲ್ ಯು ಪೇ". ಅನ್‌ಲೆಸ್‌ಗೂ ಅಷ್ಟೇ, ಒಳಗೆ ಡೋಂಟ್ ಬೇಡ.

ಬಿಕಾಸ್ ಆಫ್ ಮತ್ತು ಫಾರ್, ಎರಡರ್ಥದ ಗೂಡು

"ಐ ಡಿಡಂಟ್ ಲೀವ್ ದಿ ಜಾಬ್ ಬಿಕಾಸ್ ಆಫ್ ಮೈ ಮ್ಯಾನೇಜರ್." ಕೆಲಸ ಬಿಟ್ರಾ ಇಲ್ವಾ? ವಾಕ್ಯ ಎರಡಕ್ಕೂ ಒಪ್ಪುತ್ತೆ. ಮ್ಯಾನೇಜರ್‌ನಿಂದಾಗಿ ಕೆಲಸ ಬಿಡ್ಲಿಲ್ಲ, ಅಷ್ಟು ಒಳ್ಳೆಯವ್ರು. ಅಥವಾ ಮ್ಯಾನೇಜರ್‌ನಿಂದಾಗಿ ಕೆಲಸ ಬಿಟ್ಟಿದ್ದಲ್ಲ, ಬೇರೆ ಕಾರಣ ಇತ್ತು. ನಾಟ್ ಬಲಗಡೆ ಇರೋದೆಲ್ಲ ಅದರ ಕೈಗೆ ಸಿಗಬಹುದು, ಆದ್ರೆ ಅಷ್ಟು ದೂರ ಕೈ ಚಾಚಿದೆಯೋ ಇಲ್ವೋ ಅನ್ನೋದನ್ನ ಕಾಗದದ ಮೇಲೆ ಗುರುತಿಸೋಕೆ ಆಗಲ್ಲ. ಮಾತಾಡೋವಾಗ ದನಿಯ ಏರಿಳಿತದಲ್ಲಿ ಗೊತ್ತಾಗಿಬಿಡುತ್ತೆ, ಮೇಲ್‌ನಲ್ಲಿ ಆ ಸೌಕರ್ಯ ಇಲ್ಲ.

ಬಿಡದೇ ಇದ್ದಿದ್ರೆ ಕಾರಣವನ್ನ ಮುಂದಕ್ಕೆ ತನ್ನಿ, "ಬಿಕಾಸ್ ಆಫ್ ಮೈ ಮ್ಯಾನೇಜರ್, ಐ ಡಿಡಂಟ್ ಲೀವ್", ಈಗ ಕಾರಣ ನಾಟ್‌ನ ಎಡಗಡೆ ಹೋಯ್ತು, ಮುಟ್ಟೋಕಾಗಲ್ಲ. ಬಿಟ್ಟಿದ್ರೆ "ಐ ಲೆಫ್ಟ್, ಬಟ್ ನಾಟ್ ಬಿಕಾಸ್ ಆಫ್ ಮೈ ಮ್ಯಾನೇಜರ್" ಅಂತ ಒಡೆದು ಬರೀರಿ. ಒಂದೆರಡು ಪದ ಜಾಸ್ತಿ ಆಗುತ್ತೆ, ಆಗಲಿ. ಎಚ್ಆರ್ ಕೇಳೋ ಪ್ರಶ್ನೆಗೆ ಇದು ತೀರಾ ಮುಖ್ಯ.

ಫಾರ್ ಕೂಡ ಇದೇ ಗುಂಪು. "ಐ ಆಮ್ ನಾಟ್ ಗೋಯಿಂಗ್ ಹೋಮ್ ಫಾರ್ ಟೂ ವೀಕ್ಸ್" ಅಂದ್ರೆ ಇನ್ನೆರಡು ವಾರ ಊರಿಗೆ ಹೋಗಲ್ಲ ಅಂತಲೂ ಆಗುತ್ತೆ, ಹೋಗ್ತಿದೀನಿ ಆದ್ರೆ ಎರಡು ವಾರಕ್ಕಲ್ಲ ಅಂತಲೂ ಆಗುತ್ತೆ. ಮದ್ದು ಅದೇ, ಮೊದಲನೇ ಅರ್ಥಕ್ಕೆ ಫಾರ್ ಅನ್ನ ಮುಂದೆ ತನ್ನಿ, ಎರಡನೇದಕ್ಕೆ ಒಡೆದು ಹೇಳಿ. "ಹ್ಯಾವಂಟ್ ಸೀನ್ ಹಿಮ್ ಫಾರ್ ಟೂ ಇಯರ್ಸ್" ನಲ್ಲಿ ಈ ಗೊಂದಲ ಇಲ್ಲ. ಅಮೆರಿಕದಲ್ಲಿ ಅಲ್ಲಿ ಫಾರ್ ಬದಲು ಇನ್ ಹಾಕೋದು ಜಾಸ್ತಿ, ಅರ್ಥ ಒಂದೇ.

ಟು ಎನಿವನ್, ಟು ನೋ ವನ್, ಅಟ್ ನೋ ಟೈಮ್

"ಐ ಡಿಡಂಟ್ ಟಾಕ್ ಟು ಎನಿವನ್" ದಿನಬಳಕೆಗೆ. "ಐ ಟಾಕ್ಡ್ ಟು ನೋ ವನ್" ಅಂದ್ರೆ ಸ್ವಲ್ಪ ನಾಟಕೀಯ, ಕಥೆ ಬರೆಯೋರಿಗೆ ಚೆಂದ. ಡಿಡಂಟ್ ಮತ್ತು ನೋ ವನ್ ಎರಡನ್ನೂ ಒಟ್ಟಿಗೆ ಹಾಕೋದು ಈಗಿನ ಸ್ಟ್ಯಾಂಡರ್ಡ್ ಇಂಗ್ಲಿಷಲ್ಲಿ ತಪ್ಪು. ನಮಗೆ ಯಾರ ಹತ್ರಾನೂ ಮಾತಾಡ್ಲಿಲ್ಲ ಅನ್ನೋದರಲ್ಲಿ ಇಲ್ಲ ಒಂದೇ ಸಲ ಬರೋದ್ರಿಂದ ಎನಿ ದಾರಿನೇ ಹತ್ತಿರ.

ಎಲ್ಲಕ್ಕಿಂತ ದುಬಾರಿ ಆಯ್ಕೆ ಅಂದ್ರೆ ನೆಗೆಟಿವ್ ತುಂಡನ್ನ ವಾಕ್ಯದ ತಲೆಗೆ ತರೋದು. "ಅಂಡರ್ ನೋ ಸರ್ಕಮ್‌ಸ್ಟನ್ಸಸ್ ಶುಡ್ ಯು ಶೇರ್ ಯುವರ್ ಓಟಿಪಿ", "ನೆವರ್ ಹ್ಯಾವ್ ಐ ಸೀನ್", "ನಾಟ್ ಅಂಟಿಲ್ ನೈನ್ ಡಿಡ್ ಹಿ ಕಮ್". ಹೀಗೆ ತಂದ್ರೆ ಮುಂದಿನ ಭಾಗವನ್ನ ಪ್ರಶ್ನೆ ಥರ ತಿರುಗಿಸ್ಬೇಕು, ಶುಡ್ ಯು, ಡಿಡ್ ಹಿ ಅಂತ. ನಾಟ್ ಅಂಟಿಲ್‌ನಲ್ಲಿ ಇನ್ನೂ ಒಂದು ಸುತ್ತು, "ನಾಟ್ ಅಂಟಿಲ್ ಹಿ ಕಾಲ್ಡ್ ಡಿಡ್ ಐ ನೋ" ಅಂತ ತಿರುಗೋದು ಎರಡನೇ ಭಾಗ, ಮೊದಲನೇದಲ್ಲ. ಮಾತಲ್ಲಿ ಇದನ್ನ ಪ್ರಯತ್ನ ಮಾಡಿ ನಡುವೆ ನಿಂತೋಗೋದಕ್ಕಿಂತ "ಯು ಶುಡಂಟ್ ಶೇರ್ ಇಟ್ ಅಂಡರ್ ಎನಿ ಸರ್ಕಮ್‌ಸ್ಟನ್ಸಸ್" ಅಂದ್ರೆ ಅರ್ಥ ಒಂದೂ ಕಮ್ಮಿಯಾಗಲ್ಲ.

ಈ ತಿರುಗಿಸೋದು ಬರೀ ಅಲಂಕಾರ ಅಂದ್ಕೋಬೇಡಿ, ನೆಗೆಟಿವ್ ಇಡೀ ವಾಕ್ಯಕ್ಕೆ ಹಬ್ಬಿದೆಯಾ ಅನ್ನೋದನ್ನ ಅದೇ ತೋರ್ಸೋದು. "ವಿತ್ ನೋ ಸ್ಯಾಲರಿ ವುಡ್ ಹಿ ಬಿ ಹ್ಯಾಪಿ" ಅಂದ್ರೆ ಎಷ್ಟು ಸಂಬಳ ಕೊಟ್ರೂ ಅವನಿಗೆ ಸಮಾಧಾನ ಇಲ್ಲ. "ವಿತ್ ನೋ ಸ್ಯಾಲರಿ, ಹಿ ವುಡ್ ಬಿ ಹ್ಯಾಪಿ" ಅಂದ್ರೆ ಸಂಬಳ ಇಲ್ದಿದ್ರೂ ಖುಷಿಯಾಗಿರ್ತಾನೆ. "ಅಟ್ ನೋ ಟೈಮ್ ಡಿಡ್ ಹಿ ಕಮ್", ಯಾವತ್ತೂ ಬರ್ಲಿಲ್ಲ. "ಇನ್ ನೋ ಟೈಮ್ ಹಿ ಕೇಮ್", ಕಣ್ಣು ಮಿಟುಕಿಸೋದ್ರೊಳಗೆ ಬಂದ.

ನಿಮಗೆ ಯಾವ್ದು

ನಾಳೆ ನಾಡಿದ್ದರಲ್ಲಿ ಇಂಟರ್‌ವ್ಯೂ ಇದ್ರೆ ಹೊಸದೇನೂ ಕಲಿಯೋಕೆ ಹೋಗ್ಬೇಡಿ, ನೆವರ್ ಬಳಸಿ, ಡೋಂಟ್ ರಿಯಲಿ ಬಳಸಿ, ಹಾರ್ಡ್ಲಿ ಹತ್ರ ಸುಳೀಬೇಡಿ, ಕಾರಣ ಹೇಳೋವಾಗ ಎರಡು ವಾಕ್ಯ ಮಾಡಿ. ದಿನಾ ಕ್ಲೈಂಟ್‌ಗೆ ಮೇಲ್ ಬರೆಯೋರು ಅಂಟಿಲ್, ಬೈ, ಬಿಫೋರ್ ಮೂರನ್ನ ಮೊದಲು ಗಟ್ಟಿ ಮಾಡ್ಕೊಳಿ, ಆಮೇಲೆ ಡಿಡಂಟ್ ಬಿಕಾಸ್, ದುಡ್ಡು ಮತ್ತು ನಂಬಿಕೆ ಎರಡೂ ಕೈಬಿಡೋದು ಇಲ್ಲೇ ಜಾಸ್ತಿ. ಕಂಪ್ಲೇಂಟ್ ಬರೆಯೋರಿಗೆ ಯೆಟ್ ಮತ್ತು ಸ್ಟಿಲ್ ಸಾಕು.

ಐಇಎಲ್‌ಟಿಎಸ್ ಥರ ಪರೀಕ್ಷೆಗೆ ಟೈಮ್ ಇದ್ರೆ ತಲೆಗೆ ತಂದು ತಿರುಗಿಸೋ ಕಟ್ಟನ್ನ ಕಲೀಬಹುದು, ಗ್ರಾಮರ್‌ನಲ್ಲಿ ವೈವಿಧ್ಯ ಎಷ್ಟಿದೆ, ತಪ್ಪೆಷ್ಟಿದೆ ಎರಡನ್ನೂ ಅಲ್ಲಿ ನೋಡ್ತಾರೆ, ಆದ್ರೆ ಒಂದು ಎಸ್ಸೇಲಿ ಒಂದೇ ಸಲ ಹಾಕಿ, ಅದೂ ಪಕ್ಕಾ ಬರೋದನ್ನ. "ನಾಟ್ ಓನ್ಲಿ" ಇಂದ ಶುರು ಮಾಡೋದು ಎಲ್ರಿಗೂ ಬಾಯಿಪಾಠ ಆಗಿರುತ್ತೆ, ಆದ್ರೂ ಎಷ್ಟೋ ಜನ ಮುಂದೆ ಡಸ್ ಅಥವಾ ಡಿಡ್ ಹಾಕೋದನ್ನ ಮರೀತಾರೆ, "ನಾಟ್ ಓನ್ಲಿ ಇಟ್ ಸೇವ್ಸ್" ಅಂತ ಬರೆದಿದ್ರೆ ಅದನ್ನ "ನಾಟ್ ಓನ್ಲಿ ಡಸ್ ಇಟ್ ಸೇವ್" ಅಂತ ತಿದ್ದಿ, ತಿದ್ದೋವಾಗ ಸೇವ್ಸ್‌ನ ಕೊನೇ ಸ್ ತೆಗೆಯೋದನ್ನ ಮರೀಬೇಡಿ.